ಇದ್ದವರ ಪಟ್ಟಿಯಲ್ಲಿಲ್ಲದ ಬದರೀನಾಥ

ನೈರೋಬಿಯ ನ್ಗಾರಾದಲ್ಲಿ ಮೂವತ್ತೆರಡು ವರ್ಷ ಒಂದೇ ಬಾಡಿಗೆ ಮನೆಯಲ್ಲಿ ಕಳೆದ ಬದರೀನಾಥ, ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆ ಒತ್ತುವ ಯಂತ್ರದ ಮೇಲ್ವಿಚಾರಕನಾಗಿ ನಿವೃತ್ತನಾದವನು. ಅವನು ಒತ್ತಿಸಿದ ಮಾತ್ರೆಗಳನ್ನು ಸಾಲಾಗಿ ಜೋಡಿಸಿದರೆ ಮೊಂಬಾಸಾ ಮುಟ್ಟಿ, ಸಮುದ್ರಕ್ಕಿಳಿದು, ಮಂಗಳೂರು ಬಂದರಿನಲ್ಲಿ ಒದ್ದೆಯಾಗಿ ಮೇಲೇಳುತ್ತವೆ ಎಂಬುದು ಅವನದೇ ಅಂದಾಜು. ಪೂರ್ವ ಆಫ್ರಿಕದ ಅರ್ಧ ತಲೆನೋವು ಇವರ ಮಾತ್ರೆಯಿಂದ ಹೋಯಿತು, ಉಳಿದರ್ಧ ಇವರ ಮಾತಿನಿಂದ ಬಂತು ಎಂಬುದು ಅವನ ಹೆಂಡತಿ ಇಂದುವಿನ ಅಂದಾಜು.

ಅವನ ಬಳಿ ಕತೆಗಳಿಗೆ ಬರವಿರಲಿಲ್ಲ. ಆದರೆ ಎಲ್ಲಕ್ಕೂ ಪಟ್ಟದಾನೆಯಂಥದ್ದು ಎಂಬತ್ತೆರಡರ ಆಗಸ್ಟಿನದು. ವಾಯುಪಡೆಯ ಕೆಲವರು ದಂಗೆಯೆದ್ದು, ಊರಿನ ಅಂಗಡಿಗಳೆಲ್ಲ ಲೂಟಿಯಾದ ಭಾನುವಾರ, ಬದರೀನಾಥನ ಬಾಗಿಲಿಗೆ ಬಂದೂಕಿನವರು ಬಂದರು. ಅವನು ಬಾಗಿಲು ತೆರೆದು, ಸ್ವಾಹಿಲಿಯಲ್ಲಿ ಎಂಥ ಬುದ್ಧಿಮಾತು ಹೇಳಿದನೆಂದರೆ, ಅವರು ಚಪ್ಪಲಿ ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಹೊರಟುಹೋದರು. ಕತೆ ಹೇಳಿದ ಮೊದಲ ವರ್ಷ ಬಂದವರು ಮೂವರು. ತೊಂಬತ್ತರ ಹೊತ್ತಿಗೆ ಹನ್ನೆರಡಾದರು. ಎರಡು ಸಾವಿರದ ಒಂಬತ್ತರಲ್ಲಿ ಒಂದು ಟ್ರಕ್ಕು ತುಂಬ ಜನ, ಹಿಂದೆ ಒಂದು ಫಿರಂಗಿ. ಹೆಂಡತಿ ಇಂದು ಆ ವಾರ ದೂರದ ಕಿಸುಮು ಊರಿನಲ್ಲಿ ಗೆಳತಿಯ ಮನೆಯಲ್ಲಿದ್ದಳು ಎಂಬುದೂ ಕತೆಯ ಭಾಗವೇ.

ಆ ವರ್ಷ ಕನ್ನಡ ಬಳಗಕ್ಕೆ ಇಪ್ಪತ್ತೈದು ತುಂಬಿತ್ತು. ಕಿಲಿಮಾನಿ ಬಡಾವಣೆಯ ಜಾಹ್ನವಿ, ಕಂಪ್ಯೂಟರ್ ಕೆಲಸದ ಹುಡುಗಿ, ಇರುವವರಿಂದ ಫಾರಂ ತುಂಬಿಸಿಕೊಂಡು, ಹೋದವರ ವಿವರಗಳನ್ನು ಬಳಗದ ಹಳೆಯ ದಾಖಲೆಗಳಿಂದ ಹೆಕ್ಕಿ, ಒಂದು ಬಲೆ ಹೆಣೆದಳು. ಒಬ್ಬೊಬ್ಬ ಮನುಷ್ಯ, ಒಂದೊಂದು ಊರು, ಒಂದೊಂದು ಘಟನೆಯೂ ಒಂದೊಂದು ಗಂಟು. ಗಂಟಿನಿಂದ ಗಂಟಿಗೆ ದಾರ. ಇದಕ್ಕೆ ಲಿಂಕ್ಡ್ ಡೇಟಾ ಎನ್ನುತ್ತಾರಂತೆ. ಇಂಥ ದಿನದಿಂದ ಇಂಥ ದಿನದವರೆಗೆ ಏನಾಯಿತು, ಯಾರಿದ್ದರು ಎಂದು ಕೇಳಿದರೆ ಬಲೆ ಜಾಡಿಸಿ ಹೆಸರು ಉದುರಿಸುತ್ತದೆ.

ಬಳಗದ ಕಾರ್ಯದರ್ಶಿ ವಿಜಿ ಸಭೆಯಲ್ಲೇ ಕೇಳಿಸಿದಳು: ಎಂಬತ್ತೆರಡರ ಆಗಸ್ಟ್ ಒಂದರಿಂದ ಏಳರವರೆಗೆ ನೈರೋಬಿಯಲ್ಲಿದ್ದವರು ಯಾರು? ಅವರಿಗೆ ಭಾನುವಾರದ ಬೆಳ್ಳಿಹಬ್ಬದ ವೇದಿಕೆಯಲ್ಲಿ ತಲಾ ಐದು ನಿಮಿಷ.

ಹನ್ನೊಂದು ಹೆಸರು ಉದುರಿದವು. ಬದರೀನಾಥ ಇರಲಿಲ್ಲ.

"ಏನ್ ಮಾಮ ಇದು? ಕಂಪ್ಯೂಟರ್ ಪ್ರಕಾರ ನೀವು ಇಲ್ಲಿ ಇರ್ಲೇ ಇಲ್ಲ!" ಎಂದಳು ವಿಜಿ. "ಹಾಗಾದ್ರೆ ಆ ಫಿರಂಗಿ ಯಾರ ಮನೆಗೆ ಬಂದಿದ್ದು?"

ಸಭೆ ಬಿದ್ದುಬಿದ್ದು ನಕ್ಕಿತು. ಅಲ್ಲಿದ್ದವರೆಲ್ಲ ಈಚೆಗೆ ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಇಳಿದವರು. ಪಟ್ಟಿಯ ಹನ್ನೊಂದು ಜನರಲ್ಲಿ ಒಬ್ಬರ ಮುಖವನ್ನೂ ಕಂಡವರಲ್ಲ.

ಬದರೀನಾಥನಿಗೆ ನಗು ಹೊಸದಲ್ಲ. ಆದರೆ ಇದು ಚುಚ್ಚಿತು. ಆ ಕತೆಯಲ್ಲಿ ಅಪ್ಪಟ ನಿಜ ಎಂಬುದು ಒಂದೇ ಒಂದಿತ್ತು: ಅವನು ಅಲ್ಲಿದ್ದ. ಅದೇ ಹೋದರೆ ಇನ್ನೇನು ಉಳಿಯಿತು?

ಮರುದಿನ ಬೆಳಗ್ಗೆಯೇ ಮಟಾಟು ಎಂಬ ಕಿಕ್ಕಿರಿದ ಬಾಡಿಗೆ ವ್ಯಾನು ಹತ್ತಿದ. ಒಂದು ಮೊಣಕಾಲು ಕಿಟಕಿಯಾಚೆ, ಇನ್ನೊಂದು ಯಾರದೋ ಕೋಳಿಬುಟ್ಟಿಯಲ್ಲಿ ಇಟ್ಟುಕೊಂಡು ಕಿಲಿಮಾನಿಯಲ್ಲಿ ಜಾಹ್ನವಿಯ ಮನೆ ಸೇರಿದ.

"ಪಟ್ಟಿ ಓದಮ್ಮ," ಎಂದ.

"ಆಲ್ಫ್ರೆಡ್."

"ತೊಂಬತ್ತೊಂದರಲ್ಲಿ ಮಂಗಳೂರಿಗೆ ಹೋದ."

"ಹೆಲನ್."

"ಪಾಪ, ತೀರಿಕೊಂಡು ಹತ್ತು ವರ್ಷ."

"ದ್ವಾರಕಾನಾಥ್."

"ಮೈಸೂರಲ್ಲಿ ಮನೆ ಕಟ್ಟಿಸಿ ಕೂತಿದ್ದಾನೆ. ಅಲ್ಲಮ್ಮ, ಇವರಲ್ಲಿ ಭಾನುವಾರ ಸ್ಟೇಜ್ ಹತ್ತೋಕೆ ಯಾರಿದ್ದಾರೆ? ಒಂದೋ ಊರು ಬಿಟ್ಟವರು, ಇಲ್ಲಾ ಲೋಕ ಬಿಟ್ಟವರು!"

ಜಾಹ್ನವಿ ಪರದೆಯನ್ನು ದಿಟ್ಟಿಸಿದಳು. ಹಣೆ ಬಡಿದುಕೊಂಡಳು. "ಓ ನೋ! ಮಾಮ, ಇದ್ದವರು ಅಂದ್ರೆ ಆಗಸ್ಟ್ ಏಳಕ್ಕೆ ಮುಂಚೆ ಬಂದಿರ್ಬೇಕು, ಒಂದನೇ ತಾರೀಖಿನ ನಂತರ ಹೋಗಿರ್ಬೇಕು ಅಂತ ಕೇಳಿದ್ದೆ. ಹೋದ ಡೇಟೇ ಇಲ್ದಿದ್ರೆ ಅದು ಹೋಲಿಸೋದು ಯಾವುದಕ್ಕೆ? ಆ ಮನುಷ್ಯನನ್ನೇ ಬಿಟ್ಬಿಡುತ್ತೆ. ನೀವು ಫಾರಂನಲ್ಲಿ 'ಯಾವಾಗ ಹೋದಿರಿ' ಅನ್ನೋದನ್ನ ಖಾಲಿ ಬಿಟ್ಟಿದ್ದೀರ."

"ಹೋಗೇ ಇಲ್ವಲ್ಲಮ್ಮ, ಏನಂತ ಬರೀಲಿ?"

"ಸರಿ ಮಾಡೋಕೆ ಎರಡು ದಾರಿ. ನಿಮ್ಮೊಬ್ಬರಿಗೆ ಒಂದು ಡೇಟ್ ಹಾಕ್ಬಿಡೋದು. ಇಲ್ಲಾಂದ್ರೆ ಪ್ರಶ್ನೆನೇ ಬದಲಾಯಿಸೋದು: ಹೋದ ಡೇಟ್ ಇದ್ರೆ ನೋಡು, ಇಲ್ದಿದ್ರೆ ಇನ್ನೂ ಇಲ್ಲೇ ಇದ್ದಾರೆ ಅಂದ್ಕೋ. ಆಗ ನಿಮ್ಮ ಥರ ಇರೋರೆಲ್ಲ ಬರ್ತಾರೆ."

ನಿಮ್ಮ ಥರ ಇರೋರೆಲ್ಲ. ಬದರೀನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅವನ ಥರ ಇರುವವಳು ಇನ್ನೊಬ್ಬಳಿದ್ದಳು. ಅವಳು ಆ ವಾರ ಕಿಸುಮುವಿನಲ್ಲಿರಲಿಲ್ಲ.

"ನನ್ನೊಬ್ಬನಿಗೇ ಹಾಕ್ಬಿಡು, ಸಾಕು," ಎಂದ ಅವಸರದಲ್ಲಿ.

"ಓಕೆ. ಯಾವ ಡೇಟ್?"

ಬಾಯಿ ತೆರೆದ. ಬಂದ ವರ್ಷದಿಂದಲೂ ಅವನು 'ಮುಂದಿನ ವರ್ಷ ಹೊರಟ್ವಿ' ಎನ್ನುತ್ತ ಬಂದವನೇ. ಆ ಮಾತನ್ನು ಕೇಳಿಕೇಳಿ ಮನೆಯ ಸೂಟ್‌ಕೇಸಿಗೆ ಕಿವುಡು ಬಂದಿತ್ತು. ಆದರೆ ಈಗ ಹುಡುಗಿಯ ಬೆರಳು ಕೀಲಿಮಣೆಯ ಮೇಲೆ ಕಾಯುತ್ತಿರುವಾಗ ತಾರೀಖೇ ಬಾಯಿಗೆ ಬರಲಿಲ್ಲ. ಡಿಸೆಂಬರ್ ಅನ್ನಲೇ? ಆಮೇಲೆ ಮೂಲೆಯ ಸೊಪ್ಪಿನವಳು ಬೆಳಗ್ಗೆ ಯಾರ ಹತ್ತಿರ ಜಗಳ ಆಡಬೇಕು? ಇನ್ನೊಂದು ವರ್ಷ ಬಿಟ್ಟು ಅನ್ನಲೇ? ಎಂಥದೋ ಒಂದು ಸಂಖ್ಯೆ ಒತ್ತಿದರೆ, ತಾನು ಆ ದಿನವೇ ಈ ಊರಿನಿಂದ ಅಳಿಸಿಹೋದೇನು ಎನ್ನಿಸಿತು. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಅವನಿಗೆ ಸುಳ್ಳೊಂದು ಹೇಳಲಾಗಲಿಲ್ಲ.

"ಡೇಟ್ ಬೇಡಮ್ಮ. ಪ್ರಶ್ನೆ ಬದಲಾಯಿಸು."

ಹನ್ನೊಂದು ಹದಿಮೂರಾಯಿತು. ಬದರೀನಾಥ. ಇಂದು.

"ಆಂಟಿನೂ ಇದ್ರಾ? ಕಿಸುಮುಲಿ ಇದ್ರು ಅಂತಿದ್ರಲ್ಲ?"

"ಕಿಸುಮು ಅಂಥ ದೂರ ಏನಲ್ಲ," ಎಂದು ತೊದಲಿದ. "ಅವಳ ಹೆಸರು ತೆಗೆಯೋಕೆ ಆಗಲ್ವಾ?"

"ಆಗುತ್ತೆ. ಆಂಟಿ ಹೋದ ಡೇಟ್ ಒಂದು ಹಳೇದು ಹಾಕ್ಬೇಕು. ಹಾಕ್ಲಾ?"

"ಅಯ್ಯಯ್ಯೋ, ಬೇಡ! ಕೈ ತೆಗಿ, ಕೈ ತೆಗಿ ಅಲ್ಲಿಂದ!"

ಭಾನುವಾರ ಸಭಾಂಗಣ ತುಂಬಿತ್ತು. ವಿಜಿ ಊರಲ್ಲಿ ಉಳಿದಿದ್ದ ಇಬ್ಬರ ಹೆಸರುಗಳನ್ನು ಅಕ್ಷರಮಾಲೆಯ ಪ್ರಕಾರ ಕರೆದಳು. ಹಾಗಾಗಿ ಇಂದುವಿನ ಸರದಿ ಮೊದಲು. ಬದರೀನಾಥ ಕುರ್ಚಿಯಲ್ಲಿ ಎಷ್ಟು ಕುಗ್ಗಿದನೆಂದರೆ ಹಿಂದಿನ ಸಾಲಿನವರು ಜಾಗ ಖಾಲಿಯಿದೆಯೆಂದು ಚೀಲ ಇಡಲು ಬಂದರು.

ಇಂದು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. "ಐದು ನಿಮಿಷ ಎಲ್ಲ ಬೇಡಪ್ಪ ನನಗೆ. ಬಂದಿದ್ದು ಒಬ್ಬ. ಬಾಗಿಲು ಬಡಿದ, ತೆಗೆದೆ. ನೀರು ಕೇಳಿದ, ಕೊಟ್ಟೆ. ರೇಡಿಯೋ ಕೇಳಿದ, ಅದನ್ನೂ ಕೊಟ್ಟೆ. 'ಅಸಾಂಟೆ ಮಾಮಾ', ಥ್ಯಾಂಕ್ಸ್ ಅಮ್ಮ ಅಂದ, ಹೋದ. ಅಷ್ಟೆ."

"ಆಂಟಿ, ಮಾಮ ಎಲ್ಲಿದ್ರು?" ವಿಜಿ ಕೇಳಿಯೇಬಿಟ್ಟಳು.

"ಇವರಾ? ಬಚ್ಚಲುಮನೇಲಿ. ಒಳಗಿಂದ ಚಿಲಕ ಹಿಡ್ಕೊಂಡು ನಿಂತಿದ್ರು. ಮೂರು ಗಂಟೆ ಹೊತ್ತು."

ನಗುವಿನ ರಭಸಕ್ಕೆ ತಗಡಿನ ಮಾಡು ನಾಲ್ಕು ಬೆರಳು ಮೇಲೆದ್ದು ಮತ್ತೆ ಕೂತಿತು. ಬದರೀನಾಥ ಕೆಂಪಾದ, ಬಿಳುಚಿದ. ಆಮೇಲೆ ಏನೋ ಹೊಳೆದವನಂತೆ ಎದ್ದು, ನಡುವಿನ ಮೂರು ಸಾಲು ಮೊಣಕಾಲುಗಳನ್ನು ತುಳಿದುಕೊಂಡು ಹೋಗಿ ಮೈಕು ಹಿಡಿದ.

"ಕೇಳಿದ್ರಲ್ಲ ಎಲ್ಲರೂ? ಇದ್ದೆ ಅಂತ ಆಯ್ತಲ್ಲ! ಕಣ್ಣಾರೆ ಕಂಡವಳು ಹೇಳ್ತಿದ್ದಾಳೆ. ಬರ್ಕೊ ಜಾಹ್ನವಿ," ಎಂದು ಎದೆ ಸೆಟೆಸಿ, ಹೆಂಡತಿಯ ಕಡೆ ತಿರುಗಿದ. "ಆದ್ರೆ ಮೂರು ಗಂಟೆ ಅಲ್ಲ ಕಣೇ, ನಾಲ್ಕೂವರೆ! ಚಿಲಕ ಹಿಡಿದವನಿಗೆ ಗೊತ್ತಿರಲ್ವಾ?"