ಅಮ್ಮನ ಎಡಗೈಗೆ ಬೇಕಾದ ಪ್ರೋಟೀನು

ತೊಂಬತ್ತರ ದಶಕದ ಕೊನೆಗೆ ನಾನು ನಾಗಮಂಗಲದಲ್ಲಿ ವಿಜ್ಞಾನದ ಮೇಡಂ. ತವರು ಚಿನಕುರಳಿಯಲ್ಲಿ ಅಮ್ಮನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಅವಳು ಸಾಕಿದ ಹಸು ಬೇರೆಯವರು ಕೂತರೆ ಹಾಲು ಇಳಿಸುತ್ತಿರಲಿಲ್ಲ. ಅತ್ತಿಗೆಗೆ ಸಿಗುತ್ತಿದ್ದುದು ಅರ್ಧ ಚೊಂಬು ಹಾಲು, ಜೊತೆಗೆ ಒದೆ. ಮಾರಿಬಿಡೋಣ ಎಂದ ಅಣ್ಣ.

"ಕೈ ಓದ್ರೆ ಓಗ್ಲಿ ಕಣ್ಮಗ, ಅಸನ ಕಳುಸ್ಬ್ಯಾಡಿ," ಎಂದಳು ಅಮ್ಮ. ನನಗೆ ಸಂಕಟವಾಯಿತು.

ಆಗಷ್ಟೇ ಪತ್ರಿಕೆಯೊಂದರಲ್ಲಿ ಓದಿದ್ದೆ. ಮಿದುಳು ಕೆಲವು ಪ್ರೋಟೀನುಗಳನ್ನು ತಾನೇ ತಯಾರಿಸಿಕೊಳ್ಳುತ್ತದಂತೆ. ಅವು ನರಕೋಶಗಳನ್ನು ಸಾಯದಂತೆ ಕಾಯುತ್ತವೆ, ಹೊಸ ಕವಲೊಡೆದು ಪಕ್ಕದ ಕೋಶದ ಜೊತೆ ನಂಟು ಬೆಳೆಸಲು ನೆರವಾಗುತ್ತವೆ. ಬೆಳೆದ ಮಿದುಳು ಬದಲಾಗದು ಎಂದೇ ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಬಾಯಿ ತಡೆಯದೆ ಮನೆಯಲ್ಲಿ ಹೇಳಿಬಿಟ್ಟೆ.

ಮುಂದಿನ ಶನಿವಾರ ಹೋದರೆ ಬೆಳಿಗ್ಗೆ ಹುರುಳಿಕಟ್ಟು, ಮಧ್ಯಾಹ್ನ ಅವರೆಕಾಳು, ರಾತ್ರಿ ಮೊಳಕೆಕಾಳು. ಅತ್ತಿಗೆಯ ಲೆಕ್ಕದಲ್ಲಿ ಪ್ರೋಟೀನೆಂದರೆ ಕಾಳು. ಅಮ್ಮನ ಹೊಟ್ಟೆ ಉಬ್ಬಿತ್ತು, ಕೈ ಹಾಗೇ ಇತ್ತು.

"ಇದು ತಿಂದು ಬರೋದಲ್ಲ ಅತ್ತಿಗೆ, ಮಿದುಳೊಳಗೇ ಹುಟ್ಟೋದು. ಮೈಕೈಗೆ ಕೆಲಸ ಕೊಟ್ರೆ ಜಾಸ್ತಿ ಹುಟ್ಟುತ್ತಂತೆ," ಎಂದೆ.

ಅಮ್ಮ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು. "ಕೆಲ್ಸ ಯಾವುದ ಉಳ್ಸಿದ್ದೀರಿ ನಂಗೆ? ತಲೆನೂ ನೀವೇ ಬಾಚ್ತೀರಿ."

ನಿಜ, ನಮ್ಮ ಸೇವೆ ಅತಿಯಾಗಿತ್ತು. ಮರುದಿನವೇ ಅವಳನ್ನು ಹಸುವಿನ ಪಕ್ಕ ಕೂರಿಸಿದೆವು. ಹಸು ಅವಳನ್ನು ಮೂಸಿ ಸುಮ್ಮನೆ ನಿಂತಿತು. ಬಲಗೈ ಕರೆಯಿತು, ಎಡಗೈ ಮೊಲೆಯನ್ನು ಹಿಡಿಯಲೂ ಆಗದೆ ಜಾರುತ್ತಿತ್ತು. ಆದರೂ ದಿನಾ ಅದನ್ನೇ ಮಾಡಿದಳು. ಕೆಲವು ವಾರಗಳಲ್ಲಿ ಬೆರಳುಗಳು ಮಡಚತೊಡಗಿದವು. ಅದು ಪ್ರೋಟೀನಿನ ಕೆಲಸವೋ, ಅಮ್ಮನ ಹಟವೋ, ಅಥವಾ ಹಟವೇ ಆ ಪ್ರೋಟೀನನ್ನು ಹುಟ್ಟಿಸಿತೋ? ತಲೆಯೊಳಗೆ ಇಣುಕಿ ನೋಡಲಾಗಲಿಲ್ಲವಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ನಸುಕಿನಲ್ಲೇ ಹೊರಡುತ್ತಿದ್ದ ಅಣ್ಣ ಆ ಎಡಗೈ ಬೆರಳು ಮಡಚಿದ್ದನ್ನು ಕಂಡಿರಲಿಲ್ಲ. ಒಂಟಿ ಕೈಯಲ್ಲಿ ಎಷ್ಟು ದಿನ ಕರೆದಾಳು ಎಂದು ಒಂದು ಭಾನುವಾರ ಪಾಂಡವಪುರದಿಂದ ಗಿರಾಕಿಯನ್ನು ಕರೆತಂದೇಬಿಟ್ಟ. ನಮ್ಮ ಕಡೆ ಕರೆದು ತೋರಿಸದೆ ಯಾರೂ ಹಸು ಕೊಳ್ಳುವುದಿಲ್ಲ. ಅತ್ತಿಗೆ ಕೂತರೆ ಹಸು ಒದೆಯುತ್ತದೆ. ಹಾಗಾಗಿ ತನ್ನ ಹಸುವನ್ನು ಮಾರಲು ಅಮ್ಮನೇ ಕರೆದು ತೋರಿಸಬೇಕಾಯಿತು.

ಅವಳು ಬಕೆಟ್ಟು ಇಟ್ಟುಕೊಂಡು ಕೂತಳು. ಬಲಗೈಯಿಂದ ದಪ್ಪ ಧಾರೆ ಬಂತು. ಆಮೇಲೆ ಎಡಗೈಯಿಂದ ಸಣ್ಣದೊಂದು ಧಾರೆ ಸೊಟ್ಟಗೆ ಹಾರಿ ಬಕೆಟ್ಟಿನ ಅಂಚಿಗೆ ಬಿತ್ತು. ಮತ್ತೊಂದು ಒಳಗೆ ಬಿತ್ತು. ಗಿರಾಕಿ ಕೆಚ್ಚಲು ನೋಡುತ್ತಿದ್ದ. ಅಣ್ಣ ಅಮ್ಮನ ಕೈ ನೋಡುತ್ತಿದ್ದ.

"ಅಸ ಮಾರಾಕಿಲ್ಲ ಕಣಣ್ಣ," ಎಂದ ಗಿರಾಕಿಗೆ.

"ಯಾಕ್ಲಾ, ಏನಾಯ್ತು?"

"ನಮ್ಮವ್ವ ಇನ್ನೂ ಕಲೀತಾವ್ಳೆ."