ಹೆಸರಿಟ್ಟು ಕಾಡಿಗೆ ಕರೆದೊಯ್ಯುವ ಕಾಮಾಕ್ಷಿಯಮ್ಮಾಳ್

ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೆಟ್ಟದ ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರನ್ನು ತುಂಬಿಕೊಂಡು ಜೀಪು ಗುರುಗುಡುತ್ತಿದೆ. ಹೊಸದಾಗಿ ಕೆಲಸಕ್ಕೆ ಬಂದ ಯುವಶ್ರೀಯ ಕಿವಿಯಲ್ಲಿ ಕಾಮಾಕ್ಷಿಯಮ್ಮಾಳ್ ಏನೋ ಉಸುರುತ್ತಾರೆ. ಹುಡುಗಿ ಕಿಸಕ್ಕನೆ ನಗುತ್ತಾಳೆ. “ನಗು, ನಗು. ಮೇಲೆ ಹೋದ್ಮೇಲೆ ಅದೇ ನಿನ್ ಪೇರು, ಅದೇ ನಿನ್ ಹೆಸ್ರು” ಎಂದು ಅವರು ಸೆರಗು ಬಿಗಿದು ಜೀಪು ಹತ್ತುತ್ತಾರೆ.

ಉತ್ತಮಪಾಳಯಂನ ಗದ್ದೆ ಸೀಮೆಯಿಂದ ಸೊಸೆಯಾಗಿ ಬಂದು, ಗಂಡ ತೀರಿದ ಮೇಲೆ ಏಲಕ್ಕಿ ಕಿತ್ತೇ ಮಕ್ಕಳನ್ನು ದಡ ಸೇರಿಸಿದ ಅವರು ಈಗ ಗುಂಪಿನ ಮುಂದಾಳು. ತೋಟದ ಮೇಲಿನ ಕಾಡಿನಲ್ಲಿ ‘ಕರೆಯಾಳು’ ಇದೆ ಎಂಬುದು ಇಲ್ಲಿನ ಕನ್ನಡ ಒಕ್ಕಲು ಮನೆಗಳ ಹಳೆಯ ಮಾತು. ಕಂಡವರಿಲ್ಲ, ಆದರೂ ಮೈತುಂಬ ಕೂದಲೆಂದು ಒಬ್ಬರು, ಪಾದ ಹಿಂದುಮುಂದೆಂದು ಇನ್ನೊಬ್ಬರು ಆಣೆ ಹಾಕುತ್ತಾರೆ. ಮಂಜು ಕವಿದಾಗ ಅದು ಬೇಕಾದವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದಂತೆ, ಓಗೊಟ್ಟವರು ದಾರಿ ತಪ್ಪುತ್ತಾರಂತೆ.

ಅದಕ್ಕೇ ಗುಂಪಿನ ಪ್ರತಿಯೊಬ್ಬಳಿಗೂ ಕಾಮಾಕ್ಷಿಯಮ್ಮಾಳ್ ಒಂದು ಕಾಡಿನ ಹೆಸರಿಡುತ್ತಾರೆ; ಮೇಲೆ ಆ ಹೆಸರಿಗೆ ಮಾತ್ರ ಓಗೊಡಬೇಕು. ಒನಕೆ, ಮೊರ, ಉಪ್ಪಿನಕಾಯಿ, ಹೀಗೆ ಬಾಯಿಗೆ ಬಂದದ್ದು. ಇವೆಲ್ಲ ಕೆಲಸ ಬಿಟ್ಟವರ ಹೆಸರುಗಳು. ಈಗಿನವರದನ್ನು ಅವರು ಜಪ್ಪಯ್ಯ ಅಂದರೂ ಹೇಳಲಿಲ್ಲ. ಊರಿನಲ್ಲಿ ಗಂಡನ ಮುಂದೆಯೂ ಅದನ್ನು ಆಡುವಂತಿಲ್ಲ. “ಒನಕೆ ಅಂದ್ರೆ ಅದ್ಕೇನ್ ತಿಳೀತದೆ? ಮನೇಲಿ ಕೂಗಿದ್ರೆ ಅದೂ ಪೇರಾಗ್ಬುಡ್ತದೆ, ಕರೆಯಾಳು ಕಲ್ತ್ಕೊಂಬುಡ್ತದೆ” ಎಂಬುದು ಅವರ ವಾದ.

ಕಳೆದ ದೀಪಾವಳಿಯ ಹಿಂದಿನ ವಾರ ಈ ಪದ್ಧತಿಯೇ ಪೇಚಿಗೆ ತಂದಿತು. ಸಂಜೆ ಮಂಜಿನಲ್ಲಿ ಅಮುದಾ ಗುಂಪಿನಿಂದ ಬೇರೆಯಾದಳು. ಆನೆ ತಿರುಗುವ ಜಾಗ, ಕತ್ತಲಾದರೆ ದೇವರೇ ಗತಿ. ಜೀಪು ಓಡಿಸುವ ಮುತ್ತುಕುಮಾರ್ ಅವಳ ಗಂಡ. ಅವರು ಹತ್ತಿಹೋಗಿ ಗಂಟಲು ಹರಿಯುವಂತೆ ಹೆಂಡತಿಯ ಹೆಸರು ಕೂಗಿದರು.

ಅಮುದಾಗೆ ಎಲ್ಲ ಕೇಳಿಸುತ್ತಿತ್ತು. “ಏಲಕ್ಕಿ ಗಿಡದ ಅಡೀಲಿ ಬಾಯ್ಮುಚ್ಕೊಂಡು ಕುಂತಿದ್ದೆ” ಎನ್ನುತ್ತಾಳೆ ಈಗ ನಗುತ್ತ. “ನನ್ ಗಂಡ ಅಷ್ಟು ಆಸೆಯಾಗಿ ಯಾವತ್ತು ಕೂಗವ್ರೆ? ಅದೇ ಬಂದದೆ ಅನ್ಕೊಂಡೆ.”

ಉಳಿದ ಹೆಂಗಸರು ಹೆದರಿ ಜೀಪಿನಿಂದ ಇಳಿಯಲಿಲ್ಲ. ಮಂಡಿನೋವಿನ ಕಾಮಾಕ್ಷಿಯಮ್ಮಾಳ್ ಕೋಲೂರಿಕೊಂಡು ಹತ್ತಿದರು. ಅಮುದಾಳ ಕಾಡಿನ ಹೆಸರನ್ನು ಒಂದೇ ಸಲ ಕೂಗಿದರು. ಕೂಗಳತೆಯಲ್ಲೇ “ಓ ಅಕ್ಕಾ” ಎಂದಿತು ಅಮುದಾಳ ದನಿ. ಮುತ್ತುಕುಮಾರ್ ಬೈಯುತ್ತ ಅತ್ತರು, ಅಳುತ್ತ ಬೈದರು.

ಕರೆಯಾಳು ನಿಜಕ್ಕೂ ಇದೆಯೇ ಎಂದರೆ ಕಾಮಾಕ್ಷಿಯಮ್ಮಾಳ್ ಎಲೆಯಡಿಕೆ ಮಡಿಸುತ್ತಾರೆ. “ಇದ್ರೆ ಇರ್ಲಿ, ಅದರ ಕಾಡು. ನಮ್ಮೋರೆಲ್ಲ ಇಳಿದು ಬಂದ್ರೆ ಸಾಕು.”

ಆಮೇಲೆ ತಾವಾಗಿಯೇ ಮಾತು ತೆಗೆಯುತ್ತಾರೆ. “ನನ್ಗೆ ಪೇರಿಟ್ಟೋಳು ನಮ್ಮತ್ತೆ. ಅದು ತಿಳಿದೋರೆಲ್ಲ ಹೋಗ್ಬುಟ್ರು. ಈ ಹುಡುಗೀರ್ಗೆ ನಾನು ಬರೀ ಅಕ್ಕ. ಅವತ್ತು ಇಳಿಯೋವಾಗ ಅಮುದಾ ಕೇಳಿದ್ಲು, ಅಕ್ಕಾ, ನೀನೇ ತಪ್ಪೋದ್ರೆ ಏನಂತ ಕೂಗ್ಲಿ ಅಂತ. ಯೋಳ್ದೆ. ಈಗ ನನ್ನ ಕರೆಯೋಕೂ ಒಬ್ಳವ್ಳೆ.”