ಒಂದು ಸೇರು ಕಡಲೆಕಾಯಿ ಸುಲಿಯುವಷ್ಟು ಹೊತ್ತು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಹಿಂದೂಪುರದ ಆ ಬೇಕರಿಯ ಬಾಗಿಲು ಹಸಿರು ಬಣ್ಣದ್ದೆಂದು ನನ್ನ ನೆನಪು, ನೀಲಿಯೂ ಇದ್ದೀತು. ಆಗಿನ ಡೈರಿಯೇನೋ ನನ್ನ ಬಳಿ ಇದೆ. ಆದರೆ ಈ ಒಂದು ಸಂಗತಿಯಲ್ಲಿ ನನ್ನ ನೆನಪಿಗಿಂತ ನನ್ನ ಡೈರಿಯೇ ಹೆಚ್ಚು ಸುಳ್ಳು ಹೇಳುತ್ತದೆ.

ಕಳೆದ ವಾರ ಕಲ್ಯಾಣದುರ್ಗದಲ್ಲಿ, ನಾನು ಕೆಮಿಸ್ಟ್ರಿ ಪಾಠ ಹೇಳುವ ಕಾಲೇಜಿನ ಲ್ಯಾಬಿನಲ್ಲಿ, ಹಳೆಯ ಬಾಟಲಿಯೊಂದರ ಮುಚ್ಚಳ ತೆಗೆದೆವು. ಒಳಗೆ ಅಮೋನಿಯದ ಘಾಟು ಹೊಡೆಯುವ ಬಿಳಿಯ ಹರಳುಗಳು. ಹುಡುಗಿಯರೆಲ್ಲ ಚುನ್ನಿ ಮೂಗಿಗೆ ಒತ್ತಿಕೊಂಡು ಕಿಟಕಿಯ ಕಡೆ ಓಡಿದರು. ನನಗೆ ಮಾತ್ರ ಬಾಯಲ್ಲಿ ನೀರೂರಿತು. ಪಾಠ ಹೇಳುವವರು ಹೇಳಿಕೊಳ್ಳುವಂಥ ಮಾತಲ್ಲ ಇದು. ಆದರೆ ಆ ಘಾಟಿನ ಹಿಂದೆಯೇ ನನಗೆ ತುಪ್ಪ, ಬೇಯುತ್ತಿರುವ ಮೈದಾ ಹಿಟ್ಟು, ಸೌದೆ ಒಲೆಯ ಹೊಗೆ, ಇವೆಲ್ಲ ಬಂದುಬಿಡುತ್ತವೆ. ಅವುಗಳ ಹಿಂದೆ ಗೌರತ್ತೆ.

ಗೌರತ್ತೆ ನಮ್ಮಪ್ಪನ ಅಕ್ಕ. ಡಿಗ್ರಿ ಓದಿದ ಮೂರು ವರ್ಷವೂ ನಾನು ಹಿಂದೂಪುರದಲ್ಲಿ ಅವಳ ಮನೆಯಲ್ಲೇ ಇದ್ದೆ. ಅವಳಿಗೊಂದು ಅಭ್ಯಾಸವಿತ್ತು. ಅಂಗಡಿಯಿಂದ ತಂದ ಯಾವ ಪುಡಿಯನ್ನಾದರೂ ಅಡುಗೆಗೆ ಹಾಕುವ ಮುಂಚೆ ಒಂದು ಚಿಟಿಕೆ ತನ್ನ ನಾಲಿಗೆಯ ಮೇಲೆ ಇಟ್ಟುಕೊಳ್ಳುವುದು. ಆಮೇಲೆ ಮೊರದ ಮುಂದೆ ಕೂತು ಒಂದು ಸೇರು ಕಡಲೆಕಾಯಿ ಸುಲಿಯುವುದು. ಸುಲಿದು ಮುಗಿಯುವಷ್ಟರಲ್ಲಿ ಹೊಟ್ಟೆ ತೊಳಸದಿದ್ದರೆ, ತಲೆ ತಿರುಗದಿದ್ದರೆ, ಆ ಪುಡಿ ಪಾಸಾಯಿತು. "ನಂಗೇನೂ ಆಗ್ನಿಲ್ಲ ಅಂದ್ರೆ ನಿಮ್ಗೂ ಆಗಲ್ಲ ಬಿಡ್ರಿ" ಎಂದು ಎದ್ದು ಒಲೆ ಹಚ್ಚುವಳು.

ಇದಕ್ಕೊಂದು ಹಿನ್ನೆಲೆಯಿದೆ. ಅವಳು ಹೊಸದಾಗಿ ಆ ಮನೆಗೆ ಸೊಸೆಯಾಗಿ ಬಂದಾಗ, ಅಂಗಡಿಯವನು ಅಡುಗೆ ಸೋಡಾ ಎಂದು ಬಟ್ಟೆ ಸೋಡಾ ಕಟ್ಟಿಕೊಟ್ಟಿದ್ದನಂತೆ. ಎರಡೂ ಬಿಳಿ, ಎರಡೂ ಪೇಪರ್ ಪೊಟ್ಟಣದಲ್ಲಿ. ಅತ್ತೆ ಬೋಂಡ ಮಾಡಿದಳು. ಮನೆಮಂದಿಯೆಲ್ಲ ಸರದಿಯಲ್ಲಿ ಹಿತ್ತಿಲಿಗೆ ಓಡಿದರು. ಅವಳ ಅತ್ತೆ ಒಂದು ಮಾತೂ ಬೈಯಲಿಲ್ಲವಂತೆ. ಮಾರನೆಯ ದಿನ ಗಂಜಿ ಕುಡಿಯುತ್ತಾ, "ಮೊನ್ನೆಯಿಂದ ಮಲ ಕಟ್ಟಿತ್ತು, ಒಳ್ಳೇದೇ ಆಯ್ತು ಕಣಮ್ಮ" ಎಂದರಂತೆ. ಬೈದಿದ್ದರೆ ಮರೆತುಬಿಡುತ್ತಿದ್ದೆ ಎನ್ನುತ್ತಿದ್ದಳು ಗೌರತ್ತೆ.

ನಾನು ಬಿಎಸ್ಸಿಗೆ ಸೇರಿದ ಮೇಲೆ ಈ ಅಭ್ಯಾಸವನ್ನು ಆಡಿಕೊಳ್ಳಲು ಶುರುಮಾಡಿದೆ. ಕೇಸರಿಬಾತಿನ ಬಣ್ಣವನ್ನು ನೆಕ್ಕಿ ಅವಳ ನಾಲಿಗೆ ಸಂಜೆಯವರೆಗೂ ಕೆಂಪಗಿದ್ದ ದಿನ, ಮಾವ "ಏನೇ, ಎಲೆಅಡಿಕೆ ಶುರುವಾಯ್ತಾ?" ಎಂದು ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. "ಅತ್ತೆ, ಹೀಗೆಲ್ಲ ಟೆಸ್ಟ್ ಮಾಡೋದು ಸೈನ್ಸ್ ಅಲ್ಲ" ಎಂದೆ. "ಅಂಗಾದ್ರೆ ನಿಮ್ಮ ಸೈನ್ಸೇ ನೆಕ್ಲಿ, ನಾನು ಸುಮ್ನಿರ್ತೀನಿ" ಎಂದಳು.

ಆ ವರ್ಷದ ಬೇಸಿಗೆಯಲ್ಲಿ ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ತಂಗಿಗೆ ಟೈಫಾಯ್ಡ್ ಆಯಿತು. ಆಗ ಅವಳಿಗೆ ಏಳೋ ಎಂಟೋ ವರ್ಷ. ಜ್ವರ ಬಿಟ್ಟರೂ ಬಾಯಿ ಬಿಡಲಿಲ್ಲ. ಗಂಜಿ ಕಂಡರೆ ಗೋಡೆಯ ಕಡೆ ತಿರುಗಿ ಮಲಗುವಳು. ಕೈಕಾಲು ಕಡ್ಡಿಯಾಗಿದೆ ಎಂದು ಅಮ್ಮ ಫೋನಿನಲ್ಲಿ ಅತ್ತಳು. ಕೊನೆಗೆ ತಂಗಿ ತಾನಾಗಿಯೇ ಕೇಳಿದ್ದು ಅತ್ತೆಯ ಬಿಸ್ಕತ್ತು. ಹಾಲಿನಲ್ಲಿ ನೆನೆಸಿ ಕೊಡಿ, ಏನಾದರೂ ಒಳಗೆ ಹೋಗಲಿ ಎಂದರು ಡಾಕ್ಟರು.

ಅತ್ತೆಯ ಬಿಸ್ಕತ್ತು ಎಂದರೆ, ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಬೇಕರಿಯಲ್ಲಿ ಕೊಂಡಿದ್ದಲ್ಲ. ಮೈದಾ, ಸಕ್ಕರೆ, ಮನೆಯ ತುಪ್ಪ ಎಲ್ಲ ಕಟ್ಟಿಕೊಂಡು ನಾವೇ ಬೇಕರಿಗೆ ಹೋಗಬೇಕು. ಅವರು ನಮ್ಮ ಕಣ್ಣೆದುರೇ ಕಲಸಿ, ಅಚ್ಚು ಒತ್ತಿ, ಬೇಯಿಸಿ ನಮ್ಮ ಡಬ್ಬಕ್ಕೆ ತುಂಬಿಕೊಡುತ್ತಾರೆ. ಅವರ ಕಡೆಯಿಂದ ಸೇರುವುದು ಹಿಟ್ಟು ಉಬ್ಬಿಸುವ ಪುಡಿ ಮಾತ್ರ.

ಬಿಸ್ಕತ್ತು ಮಾಡಿಸಿಕೊಂಡು ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಅತ್ತೆ ನನ್ನ ಪಕ್ಕ ಬಂದು ಕೂತಳು.

"ಈ ಸಲ ಸೋಡಾ ಬದ್ಲು ಅದೇನೋ ಅಮೋನಿಯ ಅಂತ ಹಾಕ್ತಾರಂತೆ ಬೇಕರಿ ಸಾಬ್ರು. ಹಗೂರ ಬತ್ತವಂತೆ. ಜ್ವರ ಬಿದ್ದೆದ್ದಿರೋ ಮಗೀಗೆ ಅದ್ನ ಕೊಡ್ಬೋದೇನೇ?"

ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ತಿನ್ನಬೋದು ಅತ್ತೆ. ಏನೂ ಆಗಲ್ಲ."

"ಏನೂ ಆಗಲ್ವಾ?"

"ಓದಿದೀನಲ್ಲ."

ಒಲೆಯ ಬಿಸಿಗೆ ಅದು ಗಾಳಿಯಾಗಿ ಹಾರಿಹೋಗುತ್ತದೆ, ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿ ಉಳಿಯುವುದಿಲ್ಲ, ಅದಕ್ಕೇ ತಿನ್ನಬಹುದು, ಹಸಿಯದನ್ನು ಬಾಯಿಗೆ ಹಾಕಬಾರದು. ಇಷ್ಟನ್ನೂ ಹೇಳಬೇಕಿತ್ತು. ನಾನು ಅರ್ಧ ಹೇಳಿದೆ. ಅತ್ತೆ ಏನು ಮಾಡುತ್ತಾಳೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಬೆಳಿಗ್ಗೆ ಬೇಕರಿಗೆ ಹೋದೆವು. ಅತ್ತೆಯ ಚೀಲದಲ್ಲಿ ಸಾಮಾನಿನ ಜೊತೆ ಕಡಲೆಕಾಯಿಯ ಗಂಟೂ ಇತ್ತು. ಬೇಕರಿಯ ಸಾಬರು ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟು, ತಟ್ಟೆ ತರಲು ಒಳಗೆ ತಿರುಗಿದರು. ಅತ್ತೆ ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಬಲಗೈಯಲ್ಲಿ ಒಂದು ಹರಳು ತೆಗೆದು ನಾಲಿಗೆಯ ಮೇಲಿಟ್ಟಳು. ನಾನು ನೋಡುತ್ತಿದ್ದೆ. ತಡೆಯಲು ಹೊತ್ತಿತ್ತೋ ಇಲ್ಲವೋ, ಇದನ್ನು ನೆನಪು ಪ್ರತಿ ಸಲವೂ ಬೇರೆ ಬೇರೆಯಾಗಿ ಹೇಳುತ್ತದೆ.

"ಅಯ್ಯಯ್ಯೋ! ಉಮ್ಮೇಯಮ್ಮಾ, ಉಮ್ಮೇಯ್!" ಎಂದು ಸಾಬರು ತೆಲುಗಿನಲ್ಲಿ ಕೂಗುತ್ತಾ ಓಡಿಬಂದರು. ಅತ್ತೆ ಉಗಿದಳು. ನೀರು ಮುಕ್ಕಳಿಸಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ನಾಲಿಗೆಯ ತುದಿ ಕೆಂಪಗಾಗಿತ್ತು.

"ಹಸೀದು ಯಾರಮ್ಮ ಬಾಯಿಗೆ ಇಕ್ಕತಾರೆ? ನಲ್ವತ್ತು ವರ್ಷದಾಗೆ ನಿಮ್ಮಂಥೋರ್ನ ನೋಡ್ಲಿಲ್ಲ ನಾನು" ಎಂದರು ಸಾಬರು. ಆಮೇಲೆ ದನಿ ತಗ್ಗಿಸಿ, "ನಿಮ್ಗೆ ಮನ್ಸಿಗೆ ಬರ್ಲಿಲ್ಲ ಅಂದ್ರೆ ಬಿಡ್ರಮ್ಮ, ಸೋಡಾನೇ ಹಾಕ್ತೀನಿ. ಒಸಿ ಗಟ್ಟಿ ಆಯ್ತವೆ, ಅಷ್ಟೇ" ಎಂದರು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ಅಷ್ಟು ಹೊತ್ತಿಗೆ ನನಗೇ ಅನುಮಾನ ಶುರುವಾಗಿತ್ತು. ಅದು ಹಾರಿಹೋಗುತ್ತದೆಂದು ಪುಸ್ತಕದಲ್ಲಿ ಓದಿದ್ದೆನೋ, ಕ್ಲಾಸಿನಲ್ಲಿ ಯಾರೋ ಹೇಳಿದ್ದನ್ನು ಓದಿದೆನೆಂದುಕೊಂಡಿದ್ದೆನೋ?

ಸೆರಗು ತೆಗೆಯದೆಯೇ ಅತ್ತೆ ಹೇಳಿದಳು: "ಹಾಕ್ರಿ ಸಾಬ್ರೇ. ನಮ್ಮುಡ್ಗಿ ಓದವ್ಳೆ."

ಕಡಲೆಕಾಯಿಯ ಗಂಟನ್ನು ಆ ದಿನ ಅವಳು ಬಿಚ್ಚಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಬಿಸಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನಾನು ಊರಿಗೆ ಹೊರಟೆ. ಆ ದಾರಿಯಲ್ಲಿ ನನ್ನ ಓದೆಲ್ಲ ಕರಗಿಹೋಯಿತು. ತಂಗಿಯ ಕಡ್ಡಿ ಕೈಗಳೇ ಕಣ್ಣೆದುರು. ಸೋಮಂದೇಪಲ್ಲಿಯಲ್ಲಿ ಬಸ್ಸು ನಿಂತಾಗ ಡಬ್ಬದ ಮುಚ್ಚಳ ತೆಗೆದು ಒಂದು ಬಿಸ್ಕತ್ತು ತಿಂದೆ. ತುಟಿಗೆ ತಾಗಿದರೆ ಪುಡಿಯಾಗುವಷ್ಟು ಹಗುರ, ಘಾಟಿನ ಸುಳಿವೂ ಇಲ್ಲ. ಸಾಲದೆಂದು ಇನ್ನೂ ಮೂರು ತಿಂದೆ. ಸುಲಿಯಲು ಕಡಲೆಕಾಯಿ ಇರಲಿಲ್ಲ; ಪೆನುಕೊಂಡದವರೆಗೂ ಮೈಲಿಗಲ್ಲುಗಳನ್ನು ನೋಡುತ್ತಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಏನೂ ಆಗಲಿಲ್ಲ. ಸೈನ್ಸ್ ಅಲ್ಲ ಎಂದು ನಾನು ನಕ್ಕಿದ್ದು ಇದೇ ಟೆಸ್ಟಿಗೆ.

ಮನೆಯಲ್ಲಿ ಅಮ್ಮ ಕೇಳಿದಳು, "ಏನೇನು ಹಾಕವ್ರೆ ಇದ್ಕೆ? ಕೊಡ್ಬೋದಾ?" ಓದಿದೀನಿ ಎನ್ನಲು ಈ ಸಲ ಬಾಯಿ ಬರಲಿಲ್ಲ. "ನಾನು ತಿಂದ್ನೋಡಿದೀನಿ, ಕೊಡು" ಎಂದೆ. ತಂಗಿ ಹಾಲಿನಲ್ಲಿ ಅರ್ಧ ನೆನೆಸಿ ತಿಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನರ್ಧಕ್ಕೆ ಕೈ ನೀಡಿದಳು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಈಗ ನನಗಿಂತ ಎತ್ತರವಾಗಿರುವ ತಂಗಿಗೆ ಇದ್ಯಾವುದೂ ನೆನಪಿಲ್ಲ.

ಆ ದಿನದ ಡೈರಿಯಲ್ಲಿ ಎರಡೇ ಸಾಲು: "ಬಿಸ್ಕತ್ತು ಚೆನ್ನಾಗಿ ಬಂದವು. ಬಿಸಿ ಕಾಫಿ ಕುಡಿದು ಅತ್ತೆ ನಾಲಿಗೆ ಸುಟ್ಟುಕೊಂಡಳು." ಕಾಫಿ ಎಂದು ಮಾವನಿಗೆ ಹೇಳಿದವಳು ಅತ್ತೆ. ಅದನ್ನೇ ನಿಜವೆಂಬಂತೆ ಬರೆದಿಟ್ಟವಳು ನಾನು. ನನ್ನ ಡೈರಿಯನ್ನು ಓದುವವರು ಯಾರೂ ಇರಲಿಲ್ಲ. ಯಾರಿಗೆ ಹೆದರಿದೆನೋ!

ಗೌರತ್ತೆ ನಾಲ್ಕು ದಿನ ಇದ್ದುಹೋಗಲು ಈಗ ಕಲ್ಯಾಣದುರ್ಗಕ್ಕೆ ಬಂದಿದ್ದಾಳೆ. ಲ್ಯಾಬಿನ ಬಾಟಲಿಯ ಕತೆ ಹೇಳಿದೆ. ಅಲ್ಲೊಬ್ಬ ಹುಡುಗಿ "ಇದನ್ನ ತಿನ್ನಬಹುದಾ ಮೇಡಂ?" ಎಂದು ತಮಾಷೆಗೆ ಕೇಳಿದ್ದಕ್ಕೆ, ಗಂಟೆ ಹೊಡೆದರೂ ಬಿಡದೆ ನಾನು ಪೂರ್ತಿ ಉತ್ತರ ಹೇಳಿದೆನೆಂದೂ ಹೇಳಿದೆ. ಆಮೇಲೆ ಡೈರಿ ತಂದು ಆ ಎರಡು ಸಾಲನ್ನು ಓದಿದೆ. ಅವಳು ಮೊರದಲ್ಲಿ ಕಡಲೆಕಾಯಿ ಹರಡಿಕೊಂಡು ಕೂತಿದ್ದಳು.

"ಕಾಫೀನೇ ಇರ್ಬೇಕು ಬಿಡು. ನೀನೇ ಬರ್ದಿದೀಯಲ್ಲ" ಎಂದಳು. ನಾಲ್ಕು ಕಾಯಿ ಸುಲಿದಾದ ಮೇಲೆ, "ಆ ಬಿಸ್ಕತ್ತು ಹೆಂಗಿದ್ವೇ? ನಾಕು ದಿನ ನಂಗೆ ಉಪ್ಪೂ ಗೊತ್ತಾಗ್ನಿಲ್ಲ, ಸಕ್ಕರೇನೂ ಗೊತ್ತಾಗ್ನಿಲ್ಲ" ಎಂದಳು.

ಚೆನ್ನಾಗಿದ್ದವು, ಸೋಮಂದೇಪಲ್ಲಿಯಲ್ಲೇ ನಾಲ್ಕು ತಿಂದೆ ಎಂದೆ. ಅವಳು ನಕ್ಕಳು. ಆಗ ಕೇಳಿದೆ.

"ಅತ್ತೆ, ನಿನ್ನ ನಾಲಿಗೆ ಬೇಡ ಅಂತ ಹೇಳಿದ ಮೇಲೂ ಯಾಕೆ ಹಾಕ್ಸಿದೆ?"

ಅತ್ತೆ ಇನ್ನೊಂದು ಹಿಡಿ ಕಾಯಿ ಎಳೆದುಕೊಂಡಳು. ನನ್ನ ಪ್ರಶ್ನೆಗೂ ಅಷ್ಟು ಹೊತ್ತು ಬೇಕೇನೋ; ಸೇರು ಇನ್ನೂ ತುಂಬಿಲ್ಲ.